ಗಡುವು ಮುಗಿದ ಮೇಲೆ ಏನು?

ಬಾರ್ ಚಾರ್ಟ್ ಬರೆದು, ಕ್ರಿಟಿಕಲ್ ಪಾತ್ ಹುಡುಕಿ ನಾವೆಲ್ಲ ಮಾರ್ಕ್ಸ್ ತಗೊಂಡಿದ್ದೀವಿ. ಆದರೆ ಆ ಚಾರ್ಟಿನ ಕೊನೇ ದಿನ ದಾಟಿಹೋದ್ರೆ ಏನಾಗುತ್ತೆ? ಕಾಂಟ್ರಾಕ್ಟರನ್ನ ಮನೆಗೆ ಕಳಿಸಬಹುದು ಅಂತಲೇ ನಾವು ಅಂದ್ಕೊಂಡಿದ್ವಿ. ಕಾನೂನು ಅಷ್ಟು ಸರಳವಾಗಿಲ್ಲ.

ಒಂದು ಹಳೇ ಕೇಸು ನೋಡೋಣ. ಮಹಾರಾಷ್ಟ್ರದ ನಾಸಿಕ್ ಎಡದಂಡೆ ಕಾಲುವೆಯನ್ನು ಆಳಂದಿ ನದಿ ದಾಟಿಸಲು ಮೇಲ್ಗಾಲುವೆ ಕಟ್ಟಬೇಕಿತ್ತು. ಮೊತ್ತ 1,07,000 ರೂಪಾಯಿ, ಅವಧಿ 1955ರ ಜುಲೈ 5ರಿಂದ 12 ತಿಂಗಳು. ಜುಲೈ ಅಂದ್ರೆ ಮಳೆಗಾಲ. ನದಿಯಲ್ಲಿ ಕೆಲಸ ಶುರು ಮಾಡೋಕೆ ಎಂಥಾ ಮುಹೂರ್ತ ನೋಡಿ! ಕೆಲಸ ಮುಗಿಯಲಿಲ್ಲ. 1956ರ ಆಗಸ್ಟಿನಲ್ಲಿ ಸರ್ಕಾರ ಒಪ್ಪಂದವನ್ನೇ ರದ್ದು ಮಾಡಿತು. ಗುತ್ತಿಗೆ ಹಿಡಿದಿದ್ದ ಹಿಂದ್ ಕನ್‌ಸ್ಟ್ರಕ್ಷನ್ ಕಾಂಟ್ರಾಕ್ಟರ್ಸ್ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1979ರಲ್ಲಿ. ಕಟ್ಟೋಕೆ ಒಂದು ವರ್ಷ, ಜಗಳ ಬಗೆಹರಿಯೋಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ.

ಕೋರ್ಟು ನೋಡಿದ್ದು ಬರೀ '12 ತಿಂಗಳು' ಅನ್ನೋ ಸಾಲನ್ನಲ್ಲ. ಅದೇ ಒಪ್ಪಂದದಲ್ಲಿ ಅವಧಿ ವಿಸ್ತರಣೆಗೆ ಅವಕಾಶವಿತ್ತು, ತಡವಾದರೆ ದಂಡವೂ ಇತ್ತು. ಗಡುವೇ ಒಪ್ಪಂದದ ಜೀವಾಳವಾಗಿದ್ದರೆ ಇವೆರಡೂ ಯಾಕೆ ಬೇಕಿತ್ತು? ಹಾಗಾಗಿ, ಹೊಸ ಗಡುವು ಕೊಟ್ಟು 'ಇಷ್ಟರೊಳಗೆ ಮುಗಿಸಿ' ಎಂದು ಎಚ್ಚರಿಸದೆ ರದ್ದು ಮಾಡಿದ್ದು ಸರಿಯಲ್ಲ ಎಂದಿತು.

ಹಾಗಂತ ಕಾಂಟ್ರಾಕ್ಟರ್ ಆರಾಮಾಗಿ ಇರಬಹುದು ಅಂತಲ್ಲ. ತಡದಿಂದಾದ ನಷ್ಟಕ್ಕೆ ಪರಿಹಾರ ಕೇಳಬಹುದು. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಒಪ್ಪಂದದಲ್ಲಿ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ. ಸಿಗೋದು ಅದರೊಳಗಿನ ನ್ಯಾಯವಾದ ಪರಿಹಾರ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಅಂತ 2015ರ ಕೈಲಾಶ್ ನಾಥ್ ತೀರ್ಪು ಹೇಳಿತು.

ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 55ನೇ ಕಲಮು. ಗಡುವೇ ಜೀವಾಳವಾಗಿದ್ದ ಒಪ್ಪಂದದಲ್ಲೂ, ತಡವಾದ ಕೆಲಸವನ್ನು ಮಾಲೀಕರು ಸುಮ್ಮನೆ ಒಪ್ಪಿಕೊಂಡುಬಿಟ್ಟರೆ ಆಮೇಲೆ ಆ ತಡಕ್ಕೆ ಪರಿಹಾರ ಕೇಳೋ ಹಾಗಿಲ್ಲ. ಕೇಳ್ತೀವಿ ಅಂತ ಒಪ್ಪಿಕೊಳ್ಳುವಾಗಲೇ ತಿಳಿಸಿರಬೇಕು.

ಹೀಗಾಗಿ ಸೈಟಿನಲ್ಲಿ 'ಹಿಂಡ್ರನ್ಸ್ ರಿಜಿಸ್ಟರ್' ಅನ್ನೋ ಪುಸ್ತಕಕ್ಕೆ ಭಾರೀ ಬೆಲೆ. ಡ್ರಾಯಿಂಗ್ ಯಾವತ್ತು ಬಂತು, ಜಾಗ ಯಾವತ್ತು ಕೈಗೆ ಸಿಕ್ತು, ಮಳೆಗೆ ಎಷ್ಟು ದಿನ ಕೆಲಸ ನಿಂತಿತ್ತು, ಎಲ್ಲ ಅದರಲ್ಲಿ ತಾರೀಖಿನ ಸಮೇತ ಇರಬೇಕು. ಅದನ್ನ ಬರೆಯೋ ಕೆಲಸ ಸಾಮಾನ್ಯವಾಗಿ ಬೀಳೋದು ಹೊಸದಾಗಿ ಸೇರಿದ ಜೂನಿಯರ್ ಇಂಜಿನಿಯರ್ ತಲೆಗೆ. ಅಂದ್ರೆ, ಇನ್ನೆರಡು ವರ್ಷಕ್ಕೆ ನಮ್ಮ ತಲೆಗೆ.