ಹತ್ತು ಸಾವಿರ ಪೌಚ್ ಬೇಕೇ?
ಸುರಪುರದಲ್ಲಿ ನಮ್ಮ ವೈನಿ ಮಾಡೋ ಶೇಂಗಾ ಹಿಂಡಿ ಈಗ ಶಹಾಪುರ, ಯಾದಗಿರಿ ಅಂಗಡಿಗಳಿಗೂ ಹೋಗ್ತದೆ. ತಿಂಗಳಿಗೆ 400 ಪೌಚ್ ಖರ್ಚು.

“ಹೆಸರು ಹಾಕಿದ ಪೌಚ್ 10,000 ತಗೊಂಡ್ರ ಒಂದಕ್ಕ 4 ರೂಪಾಯಿ, 1,000 ಆದ್ರ 7. ದೊಡ್ಡ ಆರ್ಡರ್ ಕೊಡೂಣೇನೋ?” ಅಂದ್ರು ವೈನಿ.

ನಾನು ಸಾಫ್ಟ್‌ವೇರ್‌ನವನು, ಲೆಕ್ಕ ಹಾಕಿದೆ. 10,000 ಮುಗಿಯಲು 25 ತಿಂಗಳು. ಅಲ್ಲಿತನಕ 40,000 ರೂಪಾಯಿ ಮೂಲೆಯಲ್ಲಿ. ವ್ಯಾಪಾರ ಬೆಳೆದು ಎಫ್‌ಎಸ್‌ಎಸ್‌ಎಐ ನೋಂದಣಿಯಿಂದ ಲೈಸೆನ್ಸಿಗೆ ಹೋದರೆ 14 ಅಂಕಿಯ ನಂಬರೇ ಬದಲು!

ಪ್ರಿಂಟಾಗಿ ಬರಲು ಒಂದು ತಿಂಗಳು, ಹಬ್ಬದ ಬೇಡಿಕೆಗೆ ಇನ್ನೊಂದು: 800. ಹಾಗಾಗಿ 1,000 ಸಾಕು. ಸ್ಟಾಕ್ 800ಕ್ಕಿಳಿದಾಗ ಮರು ಆರ್ಡರ್. ಬೆಲೆ, ತಾರೀಖು, ನಂಬರ್ ಸ್ಟಿಕ್ಕರ್‌ನಲ್ಲಿರಲಿ. ಪೌಚಿಗೆ 3 ರೂಪಾಯಿ ಜಾಸ್ತಿಯೇ, ಖರೆ. ಆದರೆ ಕೈಯಲ್ಲುಳಿದ 33,000ಕ್ಕೆ ಸುಗ್ಗಿಯ ಶೇಂಗಾ ಬರ್ತದೆ. ಮಾರೋದು ಹಿಂಡಿ, ಪೌಚ್ ಅಲ್ಲವಲ್ಲ!