ವಿಮೆ ಇಲ್ಲದವರ ಮಾನಸಿಕ ಚಿಕಿತ್ಸೆ: ತಪ್ಪು ಕಲ್ಪನೆ ಮತ್ತು ಸತ್ಯ

ಆರೋಗ್ಯ ವಿಮೆ ಇಲ್ಲದವರಿಗೆ ಮಾನಸಿಕ ಕಾಯಿಲೆಯ ಚಿಕಿತ್ಸೆ ಕೈಗೆಟುಕದೆಂಬ ನಂಬಿಕೆ ವಿಮೆಯ ಸ್ವರೂಪವನ್ನೇ ತಪ್ಪಾಗಿ ಗ್ರಹಿಸಿದೆ. ದೈಹಿಕ ಕಾಯಿಲೆಗಳಿಗೆ ಸಮನಾಗಿ ಮಾನಸಿಕ ಕಾಯಿಲೆಗಳಿಗೂ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಸೆಕ್ಷನ್ ಕಂಪನಿಗಳಿಗೆ ವಿಧಿಸಿದೆಯಾದರೂ, ಸಾಮಾನ್ಯ ಪಾಲಿಸಿಗಳು ಹಣ ಕೊಡುವುದು ಬಹುಮಟ್ಟಿಗೆ ಒಳರೋಗಿಯಾಗಿ ದಾಖಲಾದಾಗ ಮಾತ್ರ. ಖಿನ್ನತೆ, ಆತಂಕದಂಥ ಕಾಯಿಲೆಗಳಿಗೆ ಬೇಕಾಗುವುದು ಹೆಚ್ಚಾಗಿ ಹೊರರೋಗಿ ವಿಭಾಗದ ಭೇಟಿ, ಮಾತ್ರೆ ಮತ್ತು ಆಪ್ತಸಮಾಲೋಚನೆಯಾದ್ದರಿಂದ, ವಿಮೆ ಇದ್ದವರೂ ಈ ಖರ್ಚನ್ನು ಬಹುತೇಕ ತಮ್ಮ ಕೈಯಿಂದಲೇ ಭರಿಸುತ್ತಾರೆ.

ಕಡಿಮೆ ಖರ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ಗೇ ಹೋಗಬೇಕೆಂಬುದು ಇನ್ನೂ ವ್ಯಾಪಕವಾದ ಕಲ್ಪನೆ. ಸೋಜಿಗವೆಂದರೆ, ಇದು ಅನಗತ್ಯವೆಂದು ತೋರಿಸಿದ ಸಂಸ್ಥೆ ನಿಮ್ಹಾನ್ಸ್‌ ತಾನೇ. 1980ರ ದಶಕದ ಉತ್ತರಾರ್ಧದಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಸಾಮಾನ್ಯ ಮಾನಸಿಕ ಕಾಯಿಲೆಗಳನ್ನೂ ಮೂರ್ಛೆರೋಗವನ್ನೂ ರೋಗಿಯ ಊರಿನ ಸಮೀಪದಲ್ಲೇ ನಿಭಾಯಿಸಬಹುದೆಂಬುದನ್ನು ಪ್ರಯೋಗಿಸಿ ನೋಡಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಆಧಾರವಾಯಿತು. ಇಂದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ಶಿಬಿರ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌, ಇವು ಮೊದಲು ತಟ್ಟಬೇಕಾದ ಬಾಗಿಲುಗಳು. ದೂರದ ರೋಗಿಗೆ ನಿಜವಾದ ಹೊರೆಯಾಗುವುದು ಆಸ್ಪತ್ರೆಯ ಶುಲ್ಕವಲ್ಲ, ಬಸ್ಸಿನ ಖರ್ಚು ಮತ್ತು ಜೊತೆಗೆ ಬರುವವರು ಕಳೆದುಕೊಳ್ಳುವ ದಿನಗೂಲಿ; ತಿಂಗಳುಗಟ್ಟಲೆ ಮುಂದುವರಿಯಬೇಕಾದ ಚಿಕಿತ್ಸೆ ನಡುವೆಯೇ ನಿಂತುಹೋಗುವುದಕ್ಕೆ ಇದೊಂದು ದೊಡ್ಡ ಕಾರಣ.

ಬಿಪಿಎಲ್ ಕಾರ್ಡು ಇಲ್ಲದಿದ್ದರೆ ಉಚಿತ ಚಿಕಿತ್ಸೆಯಿಲ್ಲವೆಂಬುದೂ ಸರಿಯಲ್ಲ. ಮೇಲೆ ಹೇಳಿದ ಕಾಯ್ದೆಯ 18ನೆಯ ಸೆಕ್ಷನ್ ಪ್ರಕಾರ, ಬಡತನ ರೇಖೆಗಿಂತ ಕೆಳಗಿರುವವರು ಕಾರ್ಡು ಹೊಂದಿರಲಿ ಬಿಡಲಿ, ಹಾಗೆಯೇ ನಿರ್ಗತಿಕರು ಮತ್ತು ಮನೆಯಿಲ್ಲದವರು ಸರ್ಕಾರಿ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಆದಾಯದ ಮಿತಿಯಿಲ್ಲದೆ ಉಚಿತವಾಗಿ ಕೊಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಮಾತ್ರೆ ದಾಸ್ತಾನಿಲ್ಲವೆಂಬ ಉತ್ತರ ಬಂದರೆ ಜನೌಷಧಿ ಕೇಂದ್ರದ ಜೆನೆರಿಕ್ ಔಷಧ, ಅಂದರೆ ಬ್ರಾಂಡಿನ ಹೆಸರಿಲ್ಲದೆ ಮೂಲ ರಾಸಾಯನಿಕದ ಹೆಸರಿನಲ್ಲಿ ಮಾರಾಟವಾಗುವ ಔಷಧ, ಅಗ್ಗದ ಪರ್ಯಾಯವಾಗುತ್ತದೆ.

ಉಚಿತವಾದದ್ದು ಕೀಳುಮಟ್ಟದ್ದೆಂಬ ಅನುಮಾನದಲ್ಲಿ ಅರ್ಧ ಸತ್ಯವಿದೆ. ಔಷಧ ಬರೆದುಕೊಡುವ ಮನೋವೈದ್ಯರ ತರಬೇತಿ ಎಲ್ಲಿದ್ದರೂ ಅದೇ. ಆದರೆ ಸರದಿ ಉದ್ದವಾಗಿರುವ ಸರ್ಕಾರಿ ಹೊರರೋಗಿ ವಿಭಾಗದಲ್ಲಿ ದೀರ್ಘ ಮಾತುಕತೆಗೆ, ಎಂದರೆ ಮನಶ್ಶಾಸ್ತ್ರಜ್ಞರು ನಡೆಸುವ ಚಿಕಿತ್ಸೆಗೆ, ಸಮಯ ಸಿಗುವುದು ವಿರಳ, ಮತ್ತು ಈ ಕೊರತೆಯನ್ನು ಮರೆಮಾಚಿ ಪ್ರಯೋಜನವಿಲ್ಲ. ಎಲ್ಲಿಗೆ ಹೋಗಬೇಕೆಂದೇ ತಿಳಿಯದವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಿಂದ ತೊಡಗಬಹುದು: 14416ಕ್ಕೆ ದಿನದ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು, ಅದಕ್ಕೆ ವಿಮೆಯಾಗಲಿ ಕಾರ್ಡಾಗಲಿ ಬೇಕಿಲ್ಲ.