ಬಾಸೆಲ್ ಪಟ್ಟಣವೂ ಮೂರು ದೇಶಗಳ ಗಡಿಸಂಚಾರವೂ

ಬಾಸೆಲ್ ಎಂಬ ಹೆಸರು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. 1815ರಲ್ಲಿ ಅಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದುದೂ, ಆ ಸಂಸ್ಥೆಗೆ ಸೇರಿದ ಹರ್ಮನ್ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದುದೂ, ಫರ್ಡಿನೆಂಡ್ ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾದುದೂ ಸರ್ವವಿದಿತವಾದ ಸಂಗತಿಗಳು. ಆದರೆ ಮೋಗ್ಲಿಂಗರಾಗಲಿ ಕಿಟ್ಟೆಲರಾಗಲಿ ಬಾಸೆಲಿನವರಲ್ಲ, ಸ್ವಿಟ್ಜರ್ಲೆಂಡಿನವರೂ ಅಲ್ಲ. ಇಬ್ಬರೂ ಜರ್ಮನ್ ಸೀಮೆಗಳಲ್ಲಿ ಹುಟ್ಟಿ, ಗಡಿಯನ್ನು ದಾಟಿ ಆ ಪಟ್ಟಣಕ್ಕೆ ಶಿಕ್ಷಣಕ್ಕಾಗಿ ಬಂದವರು. ಗಡಿ ದಾಟಿ ಬರುವವರನ್ನು ಬರಮಾಡಿಕೊಳ್ಳುವುದು ಬಾಸೆಲಿನ ನಿತ್ಯಧರ್ಮವೆಂದೇ ಹೇಳಬಹುದು. ಆ ಪಟ್ಟಣದ ನೆಲೆಯೇ ಅಂತಹುದು.

ಪಶ್ಚಿಮಾಭಿಮುಖವಾಗಿ ಹರಿದುಬರುವ ರೈನ್ ನದಿಯು ಇಲ್ಲಿ ಉತ್ತರಕ್ಕೆ ತಿರುಗುವುದು. ತಿರುವಿನ ಬಳಿ ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ಈ ಮೂರು ದೇಶಗಳ ಎಲ್ಲೆಗಳು ನದಿಯ ಮಧ್ಯದಲ್ಲಿ ಒಂದುಗೂಡುವುವು. ಮೂರು ಕಡೆಗಳಲ್ಲಿಯೂ ಜನರ ದೇಶ್ಯಭಾಷೆ ಮೂಲತಃ ಅಲೆಮಾನಿಕ್ ಎಂಬ ಒಂದೇ ಜರ್ಮನ್ ಉಪಭಾಷೆಯ ಪ್ರಭೇದ. ಈ ಉಪಭಾಷೆಯಲ್ಲಿ 1803ರಲ್ಲಿ ಕವನಸಂಗ್ರಹವನ್ನು ಪ್ರಕಟಿಸಿದ ಯೋಹಾನ್ ಪೇಟರ್ ಹೇಬೆಲ್ ಕವಿಯು 1760ರಲ್ಲಿ ಹುಟ್ಟಿದುದು ಬಾಸೆಲಿನಲ್ಲಿ; ಬಾಲ್ಯವನ್ನು ಕಳೆದುದು ಅರೆಪಾಲು ಅಲ್ಲಿ, ಅರೆಪಾಲು ಜರ್ಮನ್ ಕಡೆಯ ಹೌಸೆನ್ ಎಂಬ ತಾಯಿಯ ಊರಿನಲ್ಲಿ. ಇಂದು ಬಾಸೆಲಿನಿಂದ ಹೊರಡುವ ಉಪನಗರ ರೈಲು ವೀಸೆ ನದಿಯ ಕಣಿವೆಯನ್ನೇರಿ ಆ ಊರಿನ ಮೂಲಕವೇ ಹಾದುಹೋಗುವುದು. ಭಾಷೆಯೂ ಬಾಂಧವ್ಯವೂ ಇಷ್ಟು ಹೆಣೆದುಕೊಂಡಿರುವ ಸೀಮೆಯಲ್ಲಿ ಸಂಚಾರವು ತಾನಾಗಿಯೇ ಸುಗಮವಾಗಿರಬೇಕೆಂದು ತೋರಬಹುದು. ಚರಿತ್ರೆಯು ಹಾಗೆ ಹೇಳುವುದಿಲ್ಲ.

ಸ್ವಿಟ್ಜರ್ಲೆಂಡಿನ ನೆಲವನ್ನು ಮುಟ್ಟಿದ ಮೊದಲ ರೈಲುಮಾರ್ಗವು ಆ ದೇಶದ್ದಲ್ಲ, ಫ್ರಾನ್ಸಿನದು. ಸ್ಟ್ರಾಸ್‌ಬರ್ಗಿನಿಂದ ಗಡಿಯ ಸೇಂಟ್ ಲೂಯಿಯವರೆಗೆ ಬಂದಿದ್ದ ಹಳಿಗಳು 1844ರಲ್ಲಿ ಬಾಸೆಲಿಗೆ ತಲಪಿದುವು. ಮರುವರ್ಷ ನಿಲ್ದಾಣವು ಕೋಟೆಗೋಡೆಯ ಒಳಗೆ ಸಿದ್ಧವಾಯಿತು. ಪಟ್ಟಣಕ್ಕೆ ಆಗ ಇನ್ನೂ ಕೋಟೆಯಿದ್ದುದರಿಂದ ರೈಲಿಗಾಗಿ ಗೋಡೆಯಲ್ಲಿ ಪ್ರತ್ಯೇಕವಾದ ಬಾಗಿಲನ್ನು ಕಟ್ಟಿಸಿದರು. ಉಳಿದ ಹೆಬ್ಬಾಗಿಲುಗಳಂತೆ ಅದನ್ನೂ ರಾತ್ರಿ ಮುಚ್ಚುತ್ತಿದ್ದರು. ಉಗಿಯಂತ್ರದ ಕಾಲವೂ ಕೋಟೆಬಾಗಿಲಿನ ಕಾಲವೂ ಒಂದೆಡೆ ಕೂಡಿದ್ದ ಈ ಸಂಗತಿಯಿಂದ ಒಂದು ಅಂಶವು ಸ್ಪಷ್ಟವಾಗುವುದು: ಹಳಿಯನ್ನು ಹಾಸಿದ ಮಾತ್ರಕ್ಕೆ ಗಡಿಯು ತೆರೆಯುವುದಿಲ್ಲ. ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಒಳಗೆ ಬರಬಹುದಾದವರು ಯಾರು ಎಂಬುದನ್ನು ಮನುಷ್ಯರು ಕುಳಿತು ಗೊತ್ತುಮಾಡಬೇಕು.

ಜರ್ಮನ್ ಕಡೆಯ ವೃತ್ತಾಂತದಲ್ಲಿ ಇದು ಇನ್ನೂ ವಿಶದವಾಗುವುದು. ನೆರೆಯ ಬಾಡೆನ್ ಸಂಸ್ಥಾನವು 1840ರಿಂದ ತನ್ನ ಮಾರ್ಗಗಳನ್ನು 1600 ಮಿಲಿಮೀಟರ್ ಅಗಲದಲ್ಲಿ ಹಾಸಿತ್ತು. ಸುತ್ತಣ ರಾಜ್ಯಗಳು 1435 ಮಿಲಿಮೀಟರನ್ನು ಹಿಡಿದುದರಿಂದ ಬಾಡೆನಿನ ಬಂಡಿಗಳು ತಮ್ಮ ಸೀಮೆಯನ್ನು ಬಿಟ್ಟು ಹೊರಡುವಂತಿರಲಿಲ್ಲ. ಕೊನೆಗೆ 1854–55ರಲ್ಲಿ ಆ ಸಂಸ್ಥಾನವು ತನ್ನ ಹಳಿಗಳನ್ನು ಕಿತ್ತು ನೆರೆಯವರ ಅಳತೆಗೆ ಹೊಂದಿಸಿಕೊಂಡಿತು. ಈ ನಡುವೆ, 1852ರ ಜುಲೈ 27ರಂದು, ಬಾಡೆನಿಗೂ ಸ್ವಿಸ್ ಒಕ್ಕೂಟಕ್ಕೂ ಒಂದು ಒಡಂಬಡಿಕೆಯಾಯಿತು. ಅದರಂತೆ ಬಾಡೆನಿನ ರೈಲು ಸ್ವಿಸ್ ನೆಲದ ಮೇಲೆ ಸಾಗುವ ಅಧಿಕಾರವನ್ನು ಪಡೆಯಿತು. ಬಾಸೆಲಿನ ಬಾಡೆನ್ ನಿಲ್ದಾಣವು ಇಂದಿಗೂ ಸ್ವಿಸ್ ನೆಲದಲ್ಲಿದ್ದುಕೊಂಡೇ ಜರ್ಮನ್ ರೈಲ್ವೆಯ ಆಡಳಿತಕ್ಕೆ ಒಳಪಟ್ಟಿರುವುದು ಈ ಒಡಂಬಡಿಕೆಯ ಫಲ. ಈಗಿನ ಕಟ್ಟಡವು 1913ರಲ್ಲಿ ಪ್ರಾರಂಭವಾದುದು. ಬಾಡೆನ್ ಸಂಸ್ಥಾನವಾಗಲಿ, ಅನಂತರದ ಜರ್ಮನ್ ಸಾಮ್ರಾಜ್ಯವಾಗಲಿ ಇಂದು ಇಲ್ಲ. ಅವು ಬಿಟ್ಟುಹೋದ ಒಪ್ಪಂದವು ಉಳಿದಿರುವುದು.

ಬೇರೆ ಬೇರೆ ದೇಶಗಳ ಬಂಡಿಗಳು ಒಂದರ ಹಳಿಯ ಮೇಲೊಂದು ಓಡಲು ಸಾಧ್ಯವಾಗುವಂತೆ 1882ರಲ್ಲಿಯೂ 1886ರಲ್ಲಿಯೂ ಬರ್ನ್ ನಗರದಲ್ಲಿ ಸಮ್ಮೇಳನಗಳು ನಡೆದು, ಹಳಿಯ ಅಗಲವೇ ಮೊದಲಾದ ಅಳತೆಗಳು ನಿಷ್ಕರ್ಷೆಯಾದುವು. ಆದರೆ ವಿದ್ಯುಚ್ಛಕ್ತಿಯ ಕಾಲದಲ್ಲಿ ಭೇದವು ಮತ್ತೊಂದು ರೂಪದಲ್ಲಿ ತಲೆಯೆತ್ತಿತು. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಗಳ ಮಾರ್ಗಗಳಲ್ಲಿ 15,000 ವೋಲ್ಟುಗಳ ಪ್ರವಾಹವು ಹರಿದರೆ, ಬಾಸೆಲಿಗೆ ಬರುವ ಫ್ರೆಂಚ್ ಮಾರ್ಗದಲ್ಲಿ 25,000 ವೋಲ್ಟುಗಳ ಪ್ರವಾಹವು ಬೇರೊಂದು ಆವರ್ತನದಲ್ಲಿ ಹರಿಯುವುದು. ಎರಡಕ್ಕೂ ಒಗ್ಗುವ ಯಂತ್ರವಿಲ್ಲದೆ ರೈಲು ಮುಂದುವರಿಯಲಾರದು. ಫ್ರಾನ್ಸಿನಲ್ಲಿ ರೈಲುಗಳು ಸಾಮಾನ್ಯವಾಗಿ ಎಡಹಳಿಯ ಮೇಲೆ ಓಡುವುವು, ಜರ್ಮನಿಯಲ್ಲಿ ಬಲಹಳಿಯ ಮೇಲೆ. ಫ್ರಾನ್ಸಿಗೆ ಸೇರಿದ ಆಲ್ಸೇಸ್ ಸೀಮೆಯಲ್ಲಿ ಮಾತ್ರ ಇಂದಿಗೂ ಬಲಹಳಿಯೇ ರೂಢಿ. ಆ ಸೀಮೆಯು 1871ರಿಂದ 1918ರವರೆಗೆ ಜರ್ಮನಿಯ ವಶದಲ್ಲಿದ್ದುದರ ಗುರುತು ಇದು. ಭೂಪಟದಿಂದ ಅಳಿಸಿಹೋದ ಗಡಿಯು ಹೀಗೆ ರೈಲುಹಾದಿಯಲ್ಲಿ ಉಳಿದುಕೊಂಡಿದೆ.

ಇದಕ್ಕೆ ಪ್ರತಿಯಾಗಿ, ಹಳಿಯು ಕದಲದೆ ಗಡಿಯೇ ಕದಲಿದ ನಿದರ್ಶನವೂ ಬಾಸೆಲಿನಲ್ಲಿ ಉಂಟು. ಪಟ್ಟಣದಿಂದ ನೈಋತ್ಯಕ್ಕೆ ಹೋಗುವ ಕಿರುಮಾರ್ಗವು 1888ರಲ್ಲಿ ಫ್ಲೂ ಎಂಬ ಗ್ರಾಮವನ್ನೂ 1910ರಲ್ಲಿ ರೋಡರ್ಸ್‌ಡೋರ್ಫನ್ನೂ ಮುಟ್ಟಿತು. ಹಳೆಯ ಮೈಸೂರು ಸೀಮೆಯವರಿಗೆ ಪರಿಚಿತವಾಗಿದ್ದ ಮೀಟರ್ ಗೇಜಿನದೇ ಇದರ ಅಗಲ. ಈ ಎರಡು ಗ್ರಾಮಗಳೂ ಸ್ವಿಟ್ಜರ್ಲೆಂಡಿನವು; ನಡುವಣ ಲೈಮೆನ್ ಮಾತ್ರ ಪರದೇಶದ್ದು. ಹಳಿ ಹಾಸಿದಂದು ಲೈಮೆನ್ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿದ್ದಿತು. ಮೊದಲನೆಯ ಮಹಾಯುದ್ಧಾನಂತರ ಫ್ರಾನ್ಸಿನದಾಯಿತು, 1940ರಲ್ಲಿ ಜರ್ಮನರ ವಶವಾಯಿತು, ಯುದ್ಧದ ಕೊನೆಯಲ್ಲಿ ಮತ್ತೆ ಫ್ರಾನ್ಸನ್ನು ಸೇರಿತು. ಈಗ ಈ ಮಾರ್ಗವು ಪಟ್ಟಣದ 10ನೆಯ ಟ್ರಾಮಿನದು. ಸಂತೆಗೋ ಶಾಲೆಗೋ ಹೊರಟ ರೋಡರ್ಸ್‌ಡೋರ್ಫಿನ ಪ್ರಯಾಣಿಕನು ಸ್ವದೇಶದಿಂದ ಸ್ವದೇಶಕ್ಕೆ ಹೋಗುವಾಗ, ಕುಳಿತ ಪೀಠವನ್ನು ಬಿಟ್ಟೇಳದೆ ಫ್ರಾನ್ಸನ್ನು ದಾಟುವನು.

ಇಂತಹ ಸೌಕರ್ಯವು ಒಮ್ಮೆ ದೊರೆತರೆ ಎಂದೆಂದಿಗೂ ಉಳಿಯುವುದೆಂದು ಭಾವಿಸಲಾಗದು. ಇಪ್ಪತ್ತನೆಯ ಶತಮಾನದ ಪೂರ್ವಭಾಗದಲ್ಲಿ ಬಾಸೆಲಿನ ಟ್ರಾಮ್‌ಮಾರ್ಗಗಳು ಸೇಂಟ್ ಲೂಯಿ ಮತ್ತು ಲೋರಾಖ್ ಪಟ್ಟಣಗಳವರೆಗೂ ಹಬ್ಬಿದ್ದುವು. ಯುದ್ಧಗಳಿಂದಲೂ ಮೋಟಾರುವಾಹನಗಳ ಪೈಪೋಟಿಯಿಂದಲೂ ಕುಗ್ಗಿ, 1960ರ ದಶಕವು ಮುಗಿಯುವುದರೊಳಗೆ ಅವು ಗಡಿಯಿಂದ ಹಿಂದೆ ಸರಿದುವು. ಅರ್ಧ ಶತಮಾನದ ತರುವಾಯ ಅದೇ ಕಾರ್ಯವನ್ನು ಹೊಸದಾಗಿ ಕೈಕೊಳ್ಳಬೇಕಾಯಿತು. 2014ರ ಡಿಸೆಂಬರಿನಲ್ಲಿ 8ನೆಯ ಟ್ರಾಮು ಜರ್ಮನಿಯ ವೈಲ್ ಆಮ್ ರೈನ್ ಪಟ್ಟಣವನ್ನೂ, 2017ರ ಡಿಸೆಂಬರಿನಲ್ಲಿ 3ನೆಯ ಟ್ರಾಮು ಸೇಂಟ್ ಲೂಯಿಯ ರೈಲು ನಿಲ್ದಾಣವನ್ನೂ ತಲಪಿದುವು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಗಡಿಗಳನ್ನು ಮುಚ್ಚಿದಾಗ ಈ ಎರಡು ಟ್ರಾಮುಗಳೂ ಎಲ್ಲೆಯ ಈಚೆಯಲ್ಲಿಯೇ ನಿಂತುವು. ಜೂನ್ ತಿಂಗಳ ನಡುವಿನಲ್ಲಿ ಗಡಿಗಳು ತೆರೆಯುವವರೆಗೆ ಹಳಿಯಿದ್ದೂ ದಾರಿಯಿರಲಿಲ್ಲ.

ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯರಾಷ್ಟ್ರವಲ್ಲ. ಆದರೂ ಷೆಂಗೆನ್ ಒಡಂಬಡಿಕೆಗೆ ಸೇರಿ, 2008ರ ಡಿಸೆಂಬರಿನಿಂದ ತನ್ನ ಭೂಗಡಿಗಳಲ್ಲಿ ಕ್ರಮವಾದ ರಹದಾರಿ ತಪಾಸಣೆಯನ್ನು ಕೈಬಿಟ್ಟಿತು. ಸುಂಕದ ವ್ಯವಸ್ಥೆಯಾದರೋ ಪ್ರತ್ಯೇಕವಾಗಿಯೇ ಇರುವುದು. ಆದುದರಿಂದ ಟ್ರಾಮಿನಲ್ಲಿ ಕುಳಿತ ಮನುಷ್ಯನು ಅಡೆತಡೆಯಿಲ್ಲದೆ ದಾಟಿದರೂ ಅವನ ಚೀಲದಲ್ಲಿರುವ ಮಾಂಸವೂ ಮದ್ಯವೂ ನಿಯಮಿತ ಪ್ರಮಾಣವನ್ನು ಮೀರಿದರೆ ಸುಂಕಕ್ಕೆ ಗುರಿಯಾಗುವುವು. ಒಂದು ಕಡೆ ಫ್ರಾಂಕು, ಉಳಿದೆರಡು ಕಡೆ ಯೂರೋ ನಾಣ್ಯ. ಈ ಭೇದಗಳ ನಡುವೆ ಮೂರು ದೇಶಗಳಲ್ಲಿಯೂ ಸಲ್ಲುವ ಟಿಕೀಟುಗಳನ್ನು ಅಲ್ಲಿನ ಸಾರಿಗೆ ಸಂಸ್ಥೆಗಳು ಪರಸ್ಪರ ಸಮ್ಮತಿಯಿಂದ ಏರ್ಪಡಿಸಿರುವುವು.

ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ ಮನೆಮಾಡಿಕೊಂಡು ಬಾಸೆಲ್ ಪ್ರಾಂತದಲ್ಲಿ ಉದ್ಯೋಗ ಮಾಡುವವರು ಹತ್ತಾರು ಸಾವಿರ ಮಂದಿ. ಅವರ ದಿನದ ಅನ್ನವು ಹಳಿಯ ಅಗಲ, ಪ್ರವಾಹದ ಪ್ರಮಾಣ, ಟಿಕೀಟಿನ ನಿಯಮ, ಸುಂಕದವನ ಔಚಿತ್ಯ ಇವೆಲ್ಲದರ ಹೊಂದಾಣಿಕೆಯನ್ನು ಅವಲಂಬಿಸಿದೆ. ಒಂದೇ ನುಡಿಯ ಜನರ ನಡುವೆಯೂ ಈ ಹೊಂದಾಣಿಕೆಯು ಸ್ವಯಂಸಿದ್ಧವಾಗಿ ಒದಗಲಿಲ್ಲ. 1852ರಲ್ಲಿ ಅದನ್ನು ಬರೆದುಕೊಳ್ಳಬೇಕಾಯಿತು, 1886ರಲ್ಲಿ ಅಳೆದುಕೊಳ್ಳಬೇಕಾಯಿತು, 2014ರಲ್ಲಿ ಮತ್ತೆ ಕಟ್ಟಬೇಕಾಯಿತು. ನೆರೆಹೊರೆಯ ರಾಷ್ಟ್ರಗಳ ಸ್ನೇಹವನ್ನು ರಾಜಧಾನಿಗಳ ಘೋಷಣೆಗಳಿಂದ ಮಾತ್ರವೇ ಅಳೆಯದೆ, ಇಂತಹ ಗಡಿಯೂರುಗಳ ಸಂಚಾರದ ಏರ್ಪಾಡುಗಳನ್ನು ಪರಿಶೀಲಿಸಿ ಅಳೆಯುವುದು ಚರಿತ್ರಕಾರರಿಗೆ ಹೆಚ್ಚು ಫಲಪ್ರದವಾಗುವುದು.